ಸಂಸೆ ಕಾಲುಸಂಕದ ಪ್ರಮಾಣಪತ್ರ

1999ರ ಆಗಸ್ಟ್ 2, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಹಳ್ಳ ದಾಟಲು ಕಿರುಸೇತುವೆ ಕಟ್ಟುವ ಕಾಲುಸಂಕ ಯೋಜನೆಯ ಎಂಜಿನಿಯರ್ ರಮಾಕಾಂತ ಕಳಸ ಠಾಣೆಗೆ ಬಂದು ದೂರು ಕೊಟ್ಟರು. ಕಚೇರಿಯ ಬೀರುವಿನಿಂದ ಸಂಸೆ ಊರಿನ ಸಂಕದ ಕಡತ ಕಾಣೆಯಾಗಿತ್ತು. ಸಂಕ ಮುಗಿದಿದೆ, ಖರ್ಚು ಸರಿ ಎಂದು ಅವರು ಶುಕ್ರವಾರ ಸಹಿ ಮಾಡಿದ್ದ ಪ್ರಮಾಣಪತ್ರ ಅದರಲ್ಲಿತ್ತು. ಅದನ್ನು ನೋಡಿಯೇ ನೆರವು ಸಂಸ್ಥೆ ನಾಲ್ಕು ಲಕ್ಷ ರೂಪಾಯಿ ಮರುಪಾವತಿ ಮಾಡಬೇಕಿತ್ತು. ಮೂಲಪ್ರತಿ ಕಳೆದರೆ ಎಫ್‌ಐಆರ್ ಇಲ್ಲದೆ ನಕಲು ನಡೆಯುವುದಿಲ್ಲ.

ಸಬ್ ಇನ್ಸ್‌ಪೆಕ್ಟರ್ ರುದ್ರಪ್ಪ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್ಸ್‌ಟೇಬಲ್ ಚಿಕ್ಕಯ್ಯನೊಂದಿಗೆ ಕಚೇರಿಗೆ ಹೋಗಿ ಪಂಚನಾಮೆ ನಡೆಸಿದರು. ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ರಮಾಕಾಂತ ಮತ್ತು ಟೈಪಿಸ್ಟ್ ಗಿರಿಜಾಂಬಾ ಬಳಿ ಮಾತ್ರ.

"ಸಂಕ ಮುಗಿದದ್ದು ಯಾವಾಗ?" ಎಂದು ರುದ್ರಪ್ಪ ಕೇಳಿದರು.

"ಹೋದ ವರ್ಷ ಮೇ ಮೂವತ್ತಕ್ಕೆ," ಎಂದರು ರಮಾಕಾಂತ.

ಚಿಕ್ಕಯ್ಯ ಬರೆಯುವುದನ್ನು ನಿಲ್ಲಿಸಿದ. "ಹೋದ ವರ್ಷ ಜುಲೈನಲ್ಲಿ ಅಲ್ಲೇ ಹೆಣ ಎತ್ತಿದ್ದು ನಾನು. ಸಿಮೆಂಟ್ ಸಂಕ ಎಲ್ಲಿತ್ತು ಮಾರಾಯ್ರೆ? ಎರಡು ಅಡಿಕೆ ಮರ. ಈಗ್ಲೂ ಅಷ್ಟೇ."

ಠಾಣೆಗೆ ಮರಳಿ ರುದ್ರಪ್ಪ ಹಳೆಯ ದಾಖಲೆ ತೆಗೆಸಿದರು. 1998ರ ಜುಲೈ 11ರ ಶವ ಪಂಚನಾಮೆ: ಮೃತೆ ಪಂಚಮಿ, ಇಪ್ಪತ್ನಾಲ್ಕು ವರ್ಷ, ಮರದ ಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ಸಾವು. ಅದರ ನಕಲು ಪಡೆದವರು ಒಬ್ಬರೇ: ಗಿರಿಜಾಂಬಾ, ಮೃತೆಯ ಅಕ್ಕ.

ಮಧ್ಯಾಹ್ನ ಮೂರಕ್ಕೆ ಆಕೆಯನ್ನು ಕರೆಸಿದರು.

"ಕಡತ ಎಲ್ಲಿ?"

"ಶನಿವಾರವೇ ನೆರವು ಸಂಸ್ಥೆಗೆ ರಿಜಿಸ್ಟರ್ ಪೋಸ್ಟ್ ಮಾಡಿದೆ. ಪಂಚನಾಮೆ ನಕಲೂ ಜೊತೆಗಿಟ್ಟೆ."

"ಸಂಕ ಕಟ್ಟಿಲ್ಲ ಅಂತ ಹೋದ ವರ್ಷವೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಎಂಜಿನಿಯರ್ರು ಕೆಲಸ ಇನ್ನೂ ಬಾಕಿ ಉಂಟು ಅಂತಿದ್ರು. ಅವರ ಸಹಿ ಬೀಳ್ಬೇಕಿತ್ತು ಸಾರ್, ಒಂದು ವರ್ಷ ಕಾದೆ. ಟೈಪ್ ಮಾಡಿದ್ದು ನಾನೇ, ಪೆನ್ನು ಕೈಗೆ ಕೊಟ್ಟಿದ್ದೂ ನಾನೇ. ಎಷ್ಟು ಚೆಂದ ಮಾಡಿದ್ದೀರಿ ಗಿರಿಜಮ್ಮ ಅಂತ ಹೊಗಳಿದ್ರು ಬೇರೆ."

ಬಾಗಿಲಲ್ಲಿದ್ದ ರಮಾಕಾಂತ ಕೂಗಿದರು: "ಅನ್ನ ಹಾಕಿದ ಕಚೇರಿಗೇ ಕೊಳ್ಳಿ ಇಟ್ಟೆಯಲ್ಲೇ!"

"ಅನ್ನ ನಾನು ದುಡಿದು ತಿಂದೆ. ನೀವು ಸಂಕ ಹಾಕ್ಬೇಕಿತ್ತು."

ನಾಲ್ಕೂವರೆಗೆ ಕಳವಿನ ಆರೋಪದ ಮೇಲೆ ಗಿರಿಜಾಂಬಾಳನ್ನು ಬಂಧಿಸಲಾಯಿತು. ಸುಳ್ಳು ಪ್ರಮಾಣಪತ್ರಕ್ಕಾಗಿ ರಮಾಕಾಂತರ ಮೇಲೆ ಇನ್ನೊಂದು ಎಫ್‌ಐಆರ್ ಆಯಿತು. ಅದಕ್ಕೆ ದೂರುದಾರರಾಗಿ ರುದ್ರಪ್ಪನವರೇ ಸಹಿ ಹಾಕಿದರು.

ಹೇಳಿಕೆಯ ಕೊನೆಯಲ್ಲಿ ಆಕೆ ಯಾರೂ ಕೇಳದ ಒಂದು ಮಾತು ಬರೆಸಿದಳು. ಗಂಡಿನ ಮನೆ ಹಳ್ಳದ ಆಚೆಗಿತ್ತು; ಹಳ್ಳ ದಾಟಲು ಹೆದರಿ ಪಂಚಮಿ ಆ ಮನೆಯ ಸಂಬಂಧವೇ ಬೇಡವೆಂದಿದ್ದಳು. ಮಳೆಗಾಲಕ್ಕೆ ಮೊದಲು ಸಂಕ ಆಗುತ್ತದೆ, ಮಂಜೂರಾತಿ ಕಾಗದ ನನ್ನ ಕೈಯಿಂದಲೇ ಹೋಗಿದೆ ಎಂದು ಹೇಳಿ ಮದುವೆಗೆ ಒಪ್ಪಿಸಿದ್ದು ಅಕ್ಕ.