ದಶ್ತಕ್‌ನ ದುರ್ಬೀನು ಒಡೆದವರು

ದುರ್ಬೀನಿನ ಹೊದಿಕೆಯ ದಾರ ಬಿಚ್ಚಿದ ಕೂಡಲೇ ಗಾಜಿನ ಚೂರುಗಳು ಮೇಷ್ಟ್ರ ಕಾಲಿನ ಮೇಲೆ ಉದುರಿದವು.

ಓದಿನಮಮದ್ ಮೇಷ್ಟ್ರು ಕೂಗಿಕೊಂಡದ್ದು ದಶ್ತಕ್ ಊರಿಗೆಲ್ಲ ಕೇಳಿಸಿತು. ನಾನು ಬರುವಷ್ಟರಲ್ಲಿ ಶಾಲೆಯ ಚಾವಣಿಯ ಮೇಲೆ ಅರ್ಧ ಊರು ನೆರೆದಿತ್ತು. ನಮ್ಮ ಕಣಿವೆಗೆ ಪೊಲೀಸ್ ಅಂದರೆ ನಾನೊಬ್ಬ, ನನ್ನದೊಂದು ಜೀಪು. ಇಬ್ಬರಲ್ಲಿ ಜೀಪಿಗೇ ವಯಸ್ಸು ಜಾಸ್ತಿ.

ದುರ್ಬೀನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಹಳೆಯ ಸೈನ್ಯದ ಮಾಲು. ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಚಹಾ ಬಟ್ಟಲಿನಷ್ಟು ಅಗಲದ ಮುಂದಿನ ಗಾಜುಗಳೆರಡೂ ಪುಡಿಯಾಗಿದ್ದವು. ಪಕ್ಕದಲ್ಲಿ ಮುಷ್ಟಿ ಗಾತ್ರದ ಒಂದು ಕಲ್ಲು ಬಿದ್ದಿತ್ತು.

ಮೇಷ್ಟ್ರು ಅದನ್ನು ತಂದದ್ದು ಮಕ್ಕಳಿಗೆ ಚಂದ್ರನ ಗುಂಡಿಗಳನ್ನು ತೋರಿಸಲು. ಮೊದಲ ರಾತ್ರಿ ಎಲ್ಲರೂ ಚಂದ್ರನನ್ನೇ ನೋಡಿದರು. ಮರುದಿನ ಬೆಳಗ್ಗೆ ಯಾರೋ ಅದನ್ನು ಪಂಜ್ ನದಿಯ ಆಚೆ ದಡಕ್ಕೆ ತಿರುಗಿಸಿದರು. ಆಮೇಲೆ ಅದು ಆಕಾಶ ನೋಡಿದ್ದು ಕಡಿಮೆ. ಆಚೆ ದಡ ಬೇರೆ ದೇಶ, ಆದರೆ ಜನ ನಮ್ಮವರೇ. ಎರಡೂ ದಡದವರು ಸೇರುತ್ತಿದ್ದ ಸೇತುವೆಯ ಹತ್ತಿರದ ಸಂತೆಯನ್ನು ಸರ್ಕಾರ ಮುಚ್ಚಿಸಿದ ಮೇಲೆ ಹೋಗುವಂತಿಲ್ಲ, ಬರುವಂತಿಲ್ಲ, ಫೋನೂ ಸಿಗುವುದಿಲ್ಲ. ನೋಡಬಹುದು, ಅಷ್ಟೆ.

ದುರ್ಬೀನನ್ನು ತಬ್ಬಿಕೊಂಡು ಅಳುತ್ತಿದ್ದವಳು ಸಬ್ಜ್‌ಬಹೋರ್ ಅಕ್ಕ. ಅವಳ ತಂಗಿ ಗುಲ್‌ಸನಂ ಮದುವೆಯಾಗಿ ಹೋದದ್ದು ಆಚೆ ದಡಕ್ಕೆ. ತಂಗಿ ದಿನವೂ ಮನೆಯ ಚಾವಣಿಯ ಮೇಲೆ ಕೆಂಪು ರಜಾಯಿ ಹರವಿ ಕೈ ಬೀಸುತ್ತಾಳೆ. ಅಕ್ಕ ಇಲ್ಲಿಂದ ನೋಡುತ್ತಾಳೆ. ಊರಿನಲ್ಲಿ ಈ ದುರ್ಬೀನನ್ನು ಅವಳಷ್ಟು ಪ್ರೀತಿಸಿದವರಿಲ್ಲ. ಹತ್ತಿ ತುಂಬಿದ ಆ ಹೊದಿಕೆಯನ್ನು ಹೊಲಿದವಳೂ ಅವಳೇ.

"ಅಕ್ಕ, ಏಳು. ನಾಳೆ ಮಗಳ ಮದ್ವೆ ಇಟ್ಕೊಂಡು ಇವತ್ತು ಹೀಗೆ ಅಳ್ತಾರಾ?" ಎಂದೆ. "ಗಾಜು ತಾನೆ. ಇನ್ನೊಂದು ತರಿಸಿದ್ರಾಯ್ತು ಬಿಡು."

ಅವಳು ನನ್ನ ತೋಳು ಹಿಡಿದುಕೊಂಡು ಇನ್ನೂ ಜೋರಾಗಿ ಅತ್ತಳು. ಹೆಂಗಸರು ಅವಳನ್ನು ಎಬ್ಬಿಸಿಕೊಂಡು ಹೋದರು.

"ಇನ್ಯಾರು, ಆ ಖುಶ್‌ನಜರನೇ!" ಗುಂಪಿನಲ್ಲಿ ಯಾರೋ ಕೂಗಿದರು. ಉಳಿದವರೆಲ್ಲ ಅದನ್ನೇ ಹಿಡಿದುಕೊಂಡರು.

\*\*\*

ಖುಶ್‌ನಜರ್ ನೀರು ಕಳ್ಳ. ಬೇರೆಯವರ ಸರದಿಯ ಕಾಲುವೆ ನೀರನ್ನು ತನ್ನ ಆಲೂಗಡ್ಡೆಗೆ ತಿರುಗಿಸಿಕೊಳ್ಳುವಾಗ ಈ ದುರ್ಬೀನಿನಲ್ಲೇ ಸಿಕ್ಕಿಬಿದ್ದಿದ್ದ. "ಒಂದು ದಿನ ಅದರ ಕಣ್ಣು ಕಿತ್ತುಹಾಕ್ತೀನಿ" ಎಂದು ಎಲ್ಲರ ಮುಂದೆ ಹೇಳಿಯೂ ಇದ್ದ. ನಾನು ಹೋದಾಗ ಅವನು ಅಂಗಳದಲ್ಲಿ ಕುಳಿತಿದ್ದ. ಬಾಗಿಲಿಗೆ ಆಗಲೇ ಎರಡು ಕಲ್ಲು ಬಿದ್ದಿದ್ದವು.

"ನಿನ್ನೆ ಸಂಜೆ ಎಲ್ಲಿದ್ದೆ?"

"ಇಲ್ಲೇ. ನಾಳೆ ಮದ್ವೆಗೆ ಕುರಿ ಕೊಯ್ಯೋನು ನಾನು. ಕತ್ತಿ ಮಸೀತಿದ್ದೆ."

"ಯಾರು ನೋಡಿದ್ರು?"

"ಕುರಿ."

"ತಮಾಷೆ ಬೇಡ. ಊರು ನಿನ್ನ ಚರ್ಮ ಸುಲಿಯೋಕೆ ನಿಂತಿದೆ."

"ಸುಲೀಲಿ. ನೂರಾಲಿಶೋ, ನಾನೇ ಒಡೆದೆ ಅಂತ ಬರ್ಕೊ. ಕರ್ಕೊಂಡು ಹೋಗೋಕೆ ಜೀಪಿಗೆ ಡೀಸೆಲ್ಲೂ ನಾನೇ ಹಾಕಿಸ್ಲಾ?" ಎಂದ. ಆಮೇಲೆ ದನಿ ಇಳಿಸಿದ. "ಮದ್ವೆ ಕುರಿ ಬೇರೆಯವರ ಕೈಲಿ ಕೊಯ್ಸ್ತಾರಂತೆ. ನನ್ನ ಮನೆಗೆ ಕರೆಯೂ ಇಲ್ವಂತೆ."

ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಸುಳ್ಳುಗಾರನೇ ಇರಬಹುದು, ಆದರೆ ಆ ಕಣ್ಣೀರು ಸುಳ್ಳಾಗಿರಲಿಲ್ಲ.

ನನಗೆ ಆ ಹೊದಿಕೆಯ ದಾರ ನೆನಪಾಯಿತು. ಸಿಟ್ಟಿನಲ್ಲಿ ಕಲ್ಲು ಹಿಡಿದು ಬಂದವನು ಇಡೀ ದುರ್ಬೀನನ್ನು ಚಾವಣಿಯಿಂದ ಕೆಳಗೆ ತಳ್ಳಬಹುದಿತ್ತು. ಇದನ್ನು ಮಾಡಿದವನು ಹೊದಿಕೆ ತೆಗೆದಿದ್ದಾನೆ, ಬರೀ ಗಾಜು ಒಡೆದಿದ್ದಾನೆ, ಮತ್ತೆ ಹೊದಿಸಿ ಗಂಟು ಹಾಕಿದ್ದಾನೆ. ಒಡೆದ ಮೇಲೆ ಧೂಳು ಕೂರದ ಹಾಗೆ ಮುಚ್ಚಿಡುವವರು ಯಾರು?

"ಏಳು. ಶಾಲೆಗೆ ನಡಿ" ಎಂದೆ.

\*\*\*

ಚಾವಣಿಯ ಮೇಲೆ ಈಗ ಮೇಷ್ಟ್ರೊಬ್ಬರೇ ಗಾಜು ಗುಡಿಸುತ್ತಿದ್ದರು. ಖುಶ್‌ನಜರನನ್ನು ಕಂಡು ಪೊರಕೆ ಎತ್ತಿದರು. ನಾನು ಅಡ್ಡ ನಿಂತೆ.

"ಇದ್ರಲ್ಲಿ ಕಣ್ಣಿಡು" ಎಂದು ಅವನಿಗೆ ಹೇಳಿದೆ.

ಅವನು ಬಗ್ಗಿದ. ಅಗಲ ಮುಖದವನು. "ಎರಡೂ ಕಣ್ಣು ಹಿಡಿಸಲ್ಲ. ಮಧ್ಯೆ ಮೂಗು ಸಿಕ್ಕಿಕೊಳ್ತದೆ" ಎಂದ.

ನಾನೂ ನೋಡಿದೆ. ನನ್ನ ಮೂಗೂ ಸಿಕ್ಕಿಕೊಂಡಿತು.

"ಕಣ್ಣಿಡೋ ಕೊಳವೆಗಳನ್ನ ಹತ್ತಿರ, ದೂರ ಮಾಡ್ಕೋಬಹುದು" ಎಂದರು ಮೇಷ್ಟ್ರು. "ಕೊನೇಲಿ ಯಾರು ನೋಡಿದ್ರೋ ಅವರ ಕಣ್ಣಿನ ಅಳತೆಗೇ ನಿಂತಿರತ್ತೆ. ಇದು ಪುಟ್ಟ ಮುಖದವರದು. ಒಂದೊಂದು ಕಣ್ಣಿಗೂ ಒಂದೊಂದು ಉಂಗುರ ಇದೆ, ದೃಷ್ಟಿಗೆ ತಕ್ಕ ಹಾಗೆ ತಿರುಗಿಸ್ಕೊಳ್ಳೋದು. ಎಡಗಡೇದು ಸರಿಯಾಗೇ ಇದೆ. ಬಲಗಡೇದು..."

ಬಲಗಡೆಯ ಉಂಗುರ ಕೊನೆಯವರೆಗೂ ತಿರುಗಿತ್ತು. ಅದನ್ನು ಕಂಡು ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡರು.

"ಯಾರದು, ಮೇಷ್ಟ್ರೇ?"

"ನಂಗೇನು ಗೊತ್ತು?" ಎಂದು ಮತ್ತೆ ಗುಡಿಸಲು ಶುರುಮಾಡಿದರು. ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದರು. ಬಲಗಣ್ಣಿಗೆ ಪೊರೆ ಬಂದಿರುವ ಪುಟ್ಟ ಮುಖದ ಮನುಷ್ಯರು ನಮ್ಮೂರಲ್ಲಿ ಒಬ್ಬರೇ. ನನಗೂ ಗೊತ್ತಿತ್ತು, ನಂಬಲು ಮನಸ್ಸಿರಲಿಲ್ಲ.

ಸ್ಟ್ಯಾಂಡಿನ ತಿರುಪು ಬಿಗಿಯಾಗಿತ್ತು. ಅಂದರೆ ದುರ್ಬೀನು ಕೊನೆಗೆ ನೋಡಿದ ಕಡೆಗೇ ಮುಖ ಮಾಡಿ ನಿಂತಿತ್ತು. ಅದರ ಬೆನ್ನಿನ ನೇರಕ್ಕೆ ನಿಂತು ನನ್ನ ಇಲಾಖೆಯ ಚಿಕ್ಕ ದುರ್ಬೀನನ್ನು ಕಣ್ಣಿಗೆ ಹಿಡಿದೆ. ಗುಲ್‌ಸನಂಳ ಮನೆ ಕಾಣಬೇಕಿತ್ತು. ಕಂಡದ್ದು ಅದಕ್ಕಿಂತ ಮೇಲಿನ ಗೋರಿಗಳ ಗುಡ್ಡ. ಕೋಲಿಗೆ ಕಟ್ಟಿದ ಒಂದು ಬಿಳಿ ಬಟ್ಟೆ ಗಾಳಿಗೆ ಆಡುತ್ತಿತ್ತು. ಅದರ ಕೆಳಗೆ ಹೊಸ ಮಣ್ಣು.

ಕೆಳಗೆ ಅವಳ ಮನೆಯ ಚಾವಣಿ ನೋಡಿದೆ. ಕೆಂಪು ರಜಾಯಿ ಇರಲಿಲ್ಲ.

"ಏನು ಕಾಣ್ತು?" ಖುಶ್‌ನಜರ್ ಕೇಳಿದ.

"ಏನಿಲ್ಲ. ನೀನಲ್ಲ ಅಂತ ಗೊತ್ತಾಯ್ತು. ಆದ್ರೆ ನಾಳೆ ಸಂಜೆವರೆಗೂ ಬಾಯಿ ಮುಚ್ಕೊಂಡು ಬೈಸ್ಕೋಬೇಕು."

"ಅಭ್ಯಾಸ ಇದೆ" ಎಂದ ಅವನು.

\*\*\*

ಸಬ್ಜ್‌ಬಹೋರ್ ಅಕ್ಕ ಅಂಗಳದಲ್ಲಿ ಹೆಂಗಸರ ಜೊತೆ ಮದುವೆ ರೊಟ್ಟಿ ತಟ್ಟುತ್ತಿದ್ದಳು. ಒಳಗೆ ಮಗಳು ಅದಿಬಾಳ ಜಡೆ ಹೆಣೆಯುತ್ತ ಹಾಡುತ್ತಿದ್ದರು. ಅಕ್ಕನನ್ನು ಏಪ್ರಿಕಾಟ್ ಮರದ ಕೆಳಗೆ ಕರೆದೆ.

"ಒಡೆದೋರು ಸಿಕ್ಕಿದ್ರಾ, ನೂರಿ?"

"ಸಿಕ್ಕಿದ್ರು. ಪುಟ್ಟ ಮುಖ. ಬಲಗಣ್ಣು ಮಂಜು. ಒಡೆದ ಮೇಲೂ ಹೊದಿಕೆ ಹೊದಿಸದೆ ಬರೋಕೆ ಅವರಿಗೆ ಮನಸ್ಸು ಬರ್ಲಿಲ್ಲ."

ಅವಳು ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದಳು.

"ಗುಡ್ಡ ನೋಡ್ದ್ಯಾ?"

"ನೋಡ್ದೆ."

"ನಿನ್ನೆ ಸಂಜೆ ತಂಗಿ ಮನೆಯಿಂದ ಹೊತ್ಕೊಂಡು ಹೋದ್ರು" ಎಂದಳು. "ಮದ್ವೆ ಗಲಾಟೇಲಿ ಯಾರೂ ಚಾವಣಿ ಹತ್ತಿರ್ಲಿಲ್ಲ. ನಾನೊಬ್ಳೇ ಹತ್ತಿದ್ದೆ. ಮೊದ್ಲು ಅವಳ ಗಂಡ ಇರ್ಬೇಕು ಅಂದ್ಕೊಂಡೆ. ಅವನು ಮುಂದೆ ನಡೀತಿದ್ದ. ಆಮೇಲೆ ಅತ್ತೆ ಇರ್ಬೇಕು ಅಂದ್ಕೊಂಡೆ. ಅತ್ತೆ ಬಾಗಿಲಲ್ಲಿ ಎದೆ ಬಡ್ಕೊಳ್ತಿದ್ಲು. ಗಂಡು ಮಕ್ಕಳಿಬ್ಬರೂ ಹೊತ್ತಿದ್ರು. ಮನೆಯೋರನ್ನೆಲ್ಲ ಹುಡುಕಿದೆ ನೂರಿ, ಎಲ್ರೂ ಸಿಕ್ಕಿದ್ರು. ಅವಳೊಬ್ಳು ಸಿಗ್ಲಿಲ್ಲ."

ಕೂಗಿದರೆ ಕೇಳದು, ಓಡಿದರೆ ತಲುಪದು. ಅಷ್ಟು ದೂರದ ಸಾವನ್ನು ಕಣ್ಣೆದುರಿಗೆ ತಂದು ನಿಲ್ಲಿಸಿದ್ದು ಆ ಹಾಳು ಯಂತ್ರ.

"ಊರಿಗೆ ಗೊತ್ತಾದ್ರೆ ಮದ್ವೆ ನಿಲ್ತದೆ" ಎಂದಳು. ಅದು ನಿಜ. ನಮ್ಮಲ್ಲಿ ಒಡಹುಟ್ಟಿದವರು ಸತ್ತ ಮನೆಯಲ್ಲಿ ವರ್ಷ ತುಂಬುವವರೆಗೆ ಮದುವೆಯಿಲ್ಲ. "ಹುಡುಗ ಶನಿವಾರ ರಷ್ಯಾಕ್ಕೆ ವಾಪಸ್. ಮುಂದಿನ ರಜೆ ಯಾವಾಗ್ಲೋ. ಆಗ್ಲೇ ಎರಡು ಸಲ ನಿಂತಿದೆ, ಅದಿಬಾ ಇನ್ನೆಷ್ಟು ಕಾಯ್ತಾಳೆ? ಗುಲ್‌ಸನಂ ಇದ್ದಿದ್ರೂ ಮಾಡು ಅಂತಲೇ ಅಂತಿದ್ಲು. ನಾಳೆ ಯಾರಾದ್ರೂ ಚಾವಣಿ ಹತ್ತಿ ನೋಡ್ಬಿಟ್ರೆ? ಅದಕ್ಕೇ ಒಡೆದೆ."

"ಖುಶ್‌ನಜರ್ ಮನೆಗೆ ಕಲ್ಲು ಬೀಳ್ತಿವೆ, ಅಕ್ಕ."

ಅವಳು ಕಣ್ಣು ಮುಚ್ಚಿಕೊಂಡಳು. "ನಾಳೆ ಸಂಜೆ ನಾನೇ ಹೇಳ್ತೀನಿ. ಮಗಳ ಗಾಡಿ ತಿರುವು ದಾಟ್ಲಿ. ಅಲ್ಲೀವರೆಗೂ ಬಿಟ್ಬಿಡು."

ಕಾನೂನಿನಲ್ಲಿ ಇದಕ್ಕೆ ಏನಿದೆಯೋ ನನಗೆ ಗೊತ್ತಿಲ್ಲ. ಇದ್ದರೂ ನಾನು ಹುಡುಕಲಿಲ್ಲ. ಸಂಜೆಯವರೆಗೂ ಖುಶ್‌ನಜರನ ಬಾಗಿಲ ಮುಂದೆ ಜೀಪು ನಿಲ್ಲಿಸಿಕೊಂಡು ಕೂತೆ. ನನ್ನಿಂದಾದದ್ದು ಅಷ್ಟೇ.

\*\*\*

ಮರುದಿನ, ಶುಕ್ರವಾರ, ಅಕ್ಕ ಮಗಳ ಮದುವೆಯಲ್ಲಿ ಕುಣಿದಳು. ಕೆಂಪು ಶಾಲು ಹೊದ್ದು, ಎರಡೂ ಕೈ ಎತ್ತಿ ಕುಣಿದಳು. ಇಂಥ ಗಟ್ಟಿಗಿತ್ತಿಯನ್ನು ನೋಡಿಲ್ಲ ಎಂದು ಬೀಗರು ಹೊಗಳಿದರು. ನಾನು ಪಲಾವಿನ ತಟ್ಟೆ ಮುಟ್ಟದೆ ಎದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಮದುಮಕ್ಕಳ ಗಾಡಿ ತಿರುವು ದಾಟಿತು. ಅವಳು ಕೆಂಪು ಶಾಲು ತೆಗೆದು ಮಡಚಿಟ್ಟಳು. ಜಡೆ ಬಿಚ್ಚಿದಳು. ನಗುತ್ತಿದ್ದ ಜನ ಒಬ್ಬೊಬ್ಬರಾಗಿ ಅವಳ ಕಡೆ ತಿರುಗಿದರು.

"ದುರ್ಬೀನು ಒಡೆದೋಳು ನಾನು" ಎಂದಳು. "ನನ್ನ ತಂಗಿ ಹೋದ್ಲು. ಇವತ್ತು ಮೂರನೇ ಸಂಜೆ."

ಉಳಿದದ್ದನ್ನು ನಾನೇ ಹೇಳಿದೆ. ಕಣ್ಣಿನ ಅಳತೆ, ಬಲಗಡೆಯ ಉಂಗುರ, ಬಿಗಿಯಾದ ತಿರುಪು, ಗುಡ್ಡದ ಮೇಲಿನ ಬಿಳಿ ಬಟ್ಟೆ. ನನ್ನ ವೃತ್ತಿಯಲ್ಲಿ ಅಷ್ಟು ಸರಿಯಾಗಿ ನಾನು ಯಾವ ಕೇಸನ್ನೂ ಬಿಡಿಸಿರಲಿಲ್ಲ. ಅದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ.

ಕರೆಯದಿದ್ದರೂ ಗೋಡೆಯಾಚೆ ನಿಂತಿದ್ದ ಖುಶ್‌ನಜರ್ ಒಳಗೆ ಬಂದ. ಅವಳು ಅವನ ಕೈ ಹಿಡಿಯಲು ಹೋದಳು.

"ಬಿಡು ಅಕ್ಕ. ನೀರು ಕದ್ದದ್ದಕ್ಕೆ ಬೈಗುಳ ಬಾಕಿ ಇತ್ತು, ಅಂದ್ಕೋತೀನಿ" ಎಂದ. ಆಮೇಲೆ ಜನರ ಕಡೆ ತಿರುಗಿ ಗದರಿದ. "ಏನು ನೋಡ್ತಾ ನಿಂತಿದೀರಿ? ಆಚೆ ದಡದಲ್ಲಿ ಈಗ ದೀಪ ಹಚ್ತಾರೆ. ನಾವೂ ಹಚ್ಚೋದು ಬೇಡ್ವಾ?"

ಸತ್ತವರ ಮೂರನೆಯ ಸಂಜೆಯ ದೀಪ. ಮದುವೆಯ ಅಂಗಳದಲ್ಲೇ ಹೆಂಗಸರು ಹತ್ತಿಯ ಬತ್ತಿ ಹೊಸೆದರು. ಮೇಷ್ಟ್ರು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ನನ್ನ ಹತ್ರ ಬಂದು ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮಾ" ಎಂದರು. "ದುರ್ಬೀನನ್ನ ಒಳಗಿಟ್ಟು ಬೀಗ ಹಾಕ್ತಿದ್ದೆ. ಒಡೆಯೋದ್ಯಾಕೆ?"

ಅವಳು ದೀಪವನ್ನು ನೋಡುತ್ತ ಹೇಳಿದಳು:

"ಬೀಗ ಹಾಕಿದ್ದಿದ್ರೆ, ನಿನ್ನೆ ನಾನು ಏನಂತ ಹೇಳಿ ಅಳ್ಬೇಕಿತ್ತು, ಮೇಷ್ಟ್ರೇ?"

'ಗಾಜು ತಾನೆ, ಬಿಡು' ಎಂದು ಅವಳಿಗೆ ಸಮಾಧಾನ ಹೇಳಿದ್ದವನು ನಾನು. ದೀಪಕ್ಕೆ ಎಣ್ಣೆ ತರುತ್ತೇನೆಂದು ಎದ್ದು ಹೊರಗೆ ಬಂದೆ. ನದಿಯಾಚೆ ಮಬ್ಬು ಕವಿದಿತ್ತು. ಬರಿಗಣ್ಣಿಗೆ ಏನೂ ಕಾಣಲಿಲ್ಲ.