ರೀ ಇಲ್ಲದ ಮಾತು

“ಏ ಅಜ್ಜಿ, ಏಳ! ಆ ಸೀರಿ ತಗಿ ಬೇ!”

ಬನಹಟ್ಟಿಯ ಆ ಸೀರೆ ಅಂಗಡಿಯೊಳಗೆ ಎಲ್ಲರೂ ತಿರುಗಿ ನೋಡಿದರು. ಅಕ್ಕವ್ವನಿಗೆ, ಅವಳದೇ ಅಂಗಡಿಯಲ್ಲಿ, ಇಷ್ಟು ವರ್ಷ ಯಾರೂ ಹೀಗೆ ಅಂದಿರಲಿಲ್ಲ!

ಮೊಮ್ಮಗಳು ಉಜ್ವಲಾ ಗಲ್ಲಾ ಬಿಟ್ಟು ಎದ್ದು ಬಂದಳು. ಎದುರಿಗೆ ಇಸ್ತ್ರಿ ಅಂಗಿಯ ಯುವಕ. ಮಹಾರಾಷ್ಟ್ರದ ಇಚಲಕರಂಜಿಯಿಂದ ಸೀರೆ ಕೊಳ್ಳಲು ಬಂದ ವ್ಯಾಪಾರಿ, ಸಿದ್ಧಾಂತ.

“ದೊಡ್ಡವರಿಗೆ ‘ರೀ’ ಹಚ್ಚೋದು ನಿಮ್ಮೂರಾಗ ಕಲಿಸಿಲ್ಲೇನ್ರಿ ಸಾಹೇಬ್ರ?”

ಅವನು ಪಿಳಿಪಿಳಿ ನೋಡಿದ. “ನೀ ಯಾಕ ಸಿಟ್ಟಾಗಾಕತ್ತಿ?”

‘ನೀ ಅಂತ! ನನಗೂ ನೀ!’ ಅವಳ ಮೈ ಉರಿಯಿತು. ಕನ್ನಡದವರೆಂದರೆ ಇವನಿಗೆ ಕಾಲಕಸ...

ಅಂದಿನಿಂದ ಅವನು ಬಂದಾಗಲೆಲ್ಲ ಅವಳ ತುಟಿ ಸೊಟ್ಟಗಾಗುತ್ತಿತ್ತು. ಒಮ್ಮೆ ಗಿರಾಕಿಗಳ ಎದುರೇ ಅಣಕಿಸಿದಳು. “ಏ ಅಜ್ಜಿ, ಏಳ ಬೇ... ಈ ಗಿಳಿಗೆ ಇಷ್ಟ ಮಾತು ಬರ್ತೈತಿ ನೋಡ್ರಿ!”

ಅಂಗಡಿಯೆಲ್ಲ ನಕ್ಕಿತು.

ಸಿದ್ಧಾಂತನ ಮುಖ ಕೆಂಪಾಯಿತು. ಮುಂದೆ ಅವನು ಬಾಯಿಯೇ ಬಿಡಲಿಲ್ಲ. ಬೇಕಾದ ಸೀರೆಯತ್ತ ಬೆರಳು ತೋರಿಸಿ ಸುಮ್ಮನೆ ಕೂರುತ್ತಿದ್ದ.

‘ಸೊಕ್ಕು ಇಳೀತು!’ ಎಂದುಕೊಂಡಳು ಉಜ್ವಲಾ. ಆದರೆ ಆ ಮೌನ ಯಾಕೋ ಚುಚ್ಚುತ್ತಿತ್ತು...

ಒಂದು ದಿನ ಅಕ್ಕವ್ವನೇ ಅವನ ಪಕ್ಕ ಕುಳಿತಳು. “ಕನ್ನಡ ಯಾರು ಕಲಿಸಿದ್ರೋ ತಮ್ಮಾ?”

“ನನ್ನ ಅಜ್ಜಿ. ಇಲ್ಲೇ ಹುನ್ನೂರದಾಕಿ. ಮನ್ಯಾಗ ಎಲ್ಲಾರೂ ಮರಾಠಿ. ಆಕಿ ಒಬ್ಬಾಕಿನ ನನ್ನ ಕೂಡ ಕನ್ನಡ ಮಾತಾಡ್ತಿದ್ಲು. ಬಾ, ಉಣ್ಣು, ಏಳ ಲೇ ಅಂತ...” ಅವನು ಎದುರಿನ ಸೀರೆಯ ಅಂಚು ಸವರಿದ. “ಆಕಿ ಹ್ವಾದ ಮ್ಯಾಲ ಯಾರೂ ಮಾತಾಡ್ಲಿಲ್ಲ. ಇಲ್ಲಿ ಕನ್ನಡ ಕಿವಿಗೆ ಬೀಳತೈತಿ ಅಂತ ಬರ್ತಿದ್ದೆ. ಉಜ್ವಲಾ ಬೈದ್ರೂ ಛಲೋ ಅನಿಸ್ತಿತ್ತು.”

ಗಲ್ಲಾದಲ್ಲಿದ್ದ ಉಜ್ವಲಾ ಎಣಿಸುತ್ತಿದ್ದ ನೋಟು ಕೆಳಗಿಟ್ಟಳು. ಕೂಸಿಗೆ ಯಾರು ‘ರೀ’ ಹಚ್ಚುತ್ತಾರೆ? ಅವನು ಕಲಿತದ್ದು ಆ ಕನ್ನಡವೊಂದೇ. ಅಜ್ಜಿ ಮುದ್ದಿನಿಂದ ಆಡಿದ ಮಾತನ್ನು ತಾನು ನಾಲ್ಕು ಜನರೆದುರು ಹೀಯಾಳಿಸಿದ್ದಳು!

‘ಥೂ... ನನ್ನ ನಾಲಿಗಿಗೆ ಬೆಂಕಿ ಹತ್ತಲಿ!’

ತುಂಬಿದ ಅಂಗಡಿಯಲ್ಲೇ ಅವನೆದುರು ಬಂದು ನಿಂತಳು. ತಪ್ಪಾಯಿತು, ಕ್ಷಮಿಸಿ ಎಂದು ಬಾರದ ಮರಾಠಿಯಲ್ಲಿ ತಡವರಿಸಿದಳು. “ಮಾಝಾ... ಚೂಕ್ ಝಾಲಾ. ಮಾಫ್ ಕರಾ.”

“ಎಂಥಾ ಹರಕು ಮರಾಠಿನ ಇದು!” ಗಿರಾಕಿಯೊಬ್ಬಳು ಕಿಸಕ್ಕನೆ ನಕ್ಕಳು. ಉಜ್ವಲಾಳ ಕಿವಿ ಬಿಸಿಯಾಯಿತು. ಆದರೂ ಕದಲಲಿಲ್ಲ.

ಸಿದ್ಧಾಂತ ನಗಲಿಲ್ಲ. “ನಿನ್ನ ಕೂಡ ಮತ್ತ ಮಾತಾಡ್ಲೇನು? ಜೀವ ಇರೂತನಕ...?”

ಅವಳ ಕಣ್ಣು ತುಂಬಿತು. “ಹೂಂ... ಲಗ್ನದ ಮಾತಿಗೆ ನಿಮ್ಮ ಅವ್ವಾರನ್ನ ಕರ್ಕೊಂಡು ಬರ್ರಿ.”

“ಅವ್ವಗ ಕನ್ನಡ ಒಂದಕ್ಷರ ಬರಂಗಿಲ್ಲ.”

“ಬಂದಷ್ಟು ಮರಾಠಿ ನಾ ಮಾತಾಡ್ತೀನಿ. ನಕ್ಕರ ನಗಲಿ!”

“ನಗಂಗಿಲ್ಲ,” ಎಂದ ಅವನು ಮೆಲ್ಲಗೆ. “ನಾ ನಿನ್ನ ಬಾಜೂಕ ಕುಂತಿರ್ತೀನಿ.”