ಹುಲಿಗೆ ಬಿಟ್ಟ ದಾರಿ

ಮಹಾಲಿಂಗಪ್ಪನವರ ಮುಂದಿನ ನಡೆ ಕುಬೇರಪ್ಪ ಮಾಸ್ತರರಿಗೆ ಮೊದಲೇ ತಿಳಿಯುತ್ತಿತ್ತು. ಹಿರೇಬೆಂಡಿಗೇರಿಯ ಅವರ ಪಡಸಾಲೆಯ ಕಲ್ಲಿನ ಮೇಲೆ ಆರು ವರ್ಷ ಹುಲಿ-ಕುರಿ ಆಡಿದವರಿಗೆ ಅಷ್ಟಾದರೂ ತಿಳಿಯಬೇಡವೇ. ಮಾಸ್ತರರವು ಮೂರು ಹುಲಿ, ಎದುರಿಗೆ ಹುಣಸೆಬೀಜದ ಕುರಿಗಳು. ಕುರಿಗಳು ಸುತ್ತುಗಟ್ಟಿ ಹುಲಿ ಮಿಸುಕದಂತೆ ಮಾಡಿದರೆ ಆಟ ಮುಗಿಯಿತು.

ಎರಡು ವರ್ಷದ ಹಿಂದೆ, ೧೯೩೬ರಲ್ಲಿ, ಮಹಾಲಿಂಗಪ್ಪನವರ ಕಣ್ಣು ಹೋದವು. ಆಮೇಲೆ ಅವರು ಮಗಳು ಫಕ್ಕೀರವ್ವನ ಕಿವಿಯಲ್ಲಿ ನಡೆ ಹೇಳುವುದು, ಅವಳು ಬೀಜ ಸರಿಸುವುದು. ಅಪ್ಪನನ್ನು ಬಿಟ್ಟು ಹೋಗಲಾರೆನೆಂದು ಬಂದ ಗಂಡುಗಳನ್ನೆಲ್ಲ ತಿರುಗಿ ಕಳಿಸಿದವಳು ಅವಳು.

ಅಂದಿನಿಂದಲೇ ಮಾಸ್ತರರ ಊಹೆ ತಪ್ಪತೊಡಗಿತ್ತು. ಒಂದು ದಾರಿ ಮುಚ್ಚಿದರೆ ಕುರಿಗಳಿಗೆ ಗೆಲುವು. ಎದುರಿನವರು ಅದೊಂದನ್ನು ಮಾತ್ರ ಮುಚ್ಚುತ್ತಿರಲಿಲ್ಲ. ಹುಲಿ ನುಸುಳುತ್ತಿತ್ತು, ದೀಪ ಹಚ್ಚುವ ಹೊತ್ತಾಗುತ್ತಿತ್ತು. "ನಾಳಿ ಬರ್ರಿ," ಎನ್ನುತ್ತಿದ್ದಳು ಫಕ್ಕೀರವ್ವ.

ಇಂದು ಮಾಸ್ತರರ ಕಿಸೆಯಲ್ಲಿ ಹಿರೇಕೆರೂರಿಗೆ ವರ್ಗವಾದ ಕಾಗದವಿತ್ತು. ಹೆಂಡತಿ ತೀರಿಕೊಂಡ ಮೇಲೆ ಅದು ಮೂರನೆಯ ಊರು. ಗಂಟು ಕಟ್ಟಲೂ ಬೇಸರ.

ಫಕ್ಕೀರವ್ವ ಎಂದಿನಂತೆ ಅಪ್ಪನತ್ತ ಕಿವಿ ಬಾಗಿಸಿ ಬೀಜ ಸರಿಸಿದಳು. ಮಹಾಲಿಂಗಪ್ಪನವರ ಮುಚ್ಚಿದ ಕಣ್ಣು ನಿದ್ದೆಯದೋ ಯೋಚನೆಯದೋ ಎಂದೂ ತಿಳಿದಿರಲಿಲ್ಲ. ಇಂದು ಸಣ್ಣಗೆ ಗೊರಕೆ ಕೇಳಿತು.

"ಈ ನಡಿ ಯಾರ ಹೇಳಿದ್ರು?" ಮಾಸ್ತರರು ಕೇಳಿದರು.

ಅವಳು ತಲೆ ಎತ್ತದೆ ಬಳೆ ಹಿಂದಕ್ಕೆ ಸರಿಸಿಕೊಂಡಳು. "ಶುರುವಿಗೆ ಎರಡ ನಡಿ ಹೇಳಿ ಅಪ್ಪ ಮಲಗ್ತಾನ್ರಿ. ಎರಡ ವರ್ಷ ಆತು. ನಿಮಗ ಹುಲಿ ಬಿಟ್ಟ ಬ್ಯಾರೆ ಏನೂ ಕಾಣೂದಿಲ್ಲ."

"ಮತ್ತ ಗೆಲ್ಲೂ ನಡಿ ಯಾಕ ಬಿಡ್ತಿದ್ದಿ?"

"ಗೆದ್ರ ಆಟ ಮುಗೀತೈತಿ. ಮರುದಿವ್ಸ ಬರಾಕ ನಿಮಗೇನ ನೆವ ಇರತೈತ್ರಿ?"

ಮಾಸ್ತರರು ಕಿಸೆಯ ಕಾಗದ ತೆಗೆದು ಕಲ್ಲಿನ ಪಕ್ಕ ಇಟ್ಟರು.

"ನನಗ ಹಿರೇಕೆರೂರಿಗೆ ಬದಲಿ ಆಗೇತಿ."

ಬೀಜ ಹಿಡಿದ ಕೈ ಅಲ್ಲೇ ನಿಂತಿತು. ಈಗ ಅವಳು ಏನೆನ್ನುವಳೆಂದು ಅವರಿಗೆ ಗೊತ್ತಿತ್ತು.

"ಅಪ್ಪನ್ನ ಬಿಟ್ಟ ಬರೂದಿಲ್ಲ ಅಂತಿ. ಬಿಡಬ್ಯಾಡ. ಅಲ್ಲೊಂದ ಮನಿ ನೋಡಿ ಬಂದೇನಿ. ಹೊಸ್ತಲ ತಗ್ಗ ಐತಿ, ಅವರು ಎಡವೂದಿಲ್ಲ."

"ಯಾವಾಗ ನೋಡಿದ್ರಿ?"

"ಹೋದ ಐತವಾರ. ನಿನ್ನ ಕೇಳೂ ಧೈರ್ಯ ಇರಲಿಲ್ಲ."

ಅವಳು ಮೊದಲ ಸಲ ಅವರನ್ನು ನೇರವಾಗಿ ನೋಡಿದಳು. ದಣಿದ ಕಣ್ಣು; ಅದರ ಮೂಲೆಯಲ್ಲಿ ಸಣ್ಣ ನಗೆ.

"ಹುಲಿಗೆ ಇನ್ನೊಂದ ದಾರಿ ಉಳದೈತಿ. ಮುಚ್ಚಲೇನ್ರಿ?"

"ಮುಚ್ಚು. ಓಡಿ ಓಡಿ ಸಾಕಾಗೇತಿ."

ಅವಳು ಬೀಜ ಇಟ್ಟಳು. ದೀಪ ಹಚ್ಚುವ ಹೊತ್ತಾಯಿತು. ಮಾಸ್ತರರು ಏಳಲಿಲ್ಲ, ಅವಳೂ ನಾಳಿ ಬರ್ರಿ ಎನ್ನಲಿಲ್ಲ.